ಅಧ್ಯಕ್ಷರ ಗುಂಡು ಬಿತ್ತು

ದಾವಣಗೆರೆಯ ಒಂದು ಕ್ಲಬ್ಬಿನಲ್ಲಿ ವರ್ಷಕ್ಕೊಮ್ಮೆ ಪಿನ್‌ಬಾಲ್ ಪಂದ್ಯ ನಡೆಯುತ್ತೆ. ಯಂತ್ರದೊಳಗಿನ ಉಕ್ಕಿನ ಗುಂಡು ಕೆಳಗಿನ ಗುಳಿಗೆ ಬೀಳದ ಹಾಗೆ ಬಟನ್ ಒತ್ತಿದರೆ ಬಡಿಯುವ ಎರಡು ಪುಟ್ಟ ರೆಕ್ಕೆಗಳಿಂದ ತಟ್ಟುತ್ತಲೇ ಇರಬೇಕು. ಒಬ್ಬೊಬ್ಬರಿಗೆ ಮೂರು ಗುಂಡು; ಮೂರೂ ಬೀಳುವಷ್ಟರಲ್ಲಿ ಹೆಚ್ಚು ಅಂಕ ಗಳಿಸಿದವರು ಗೆದ್ದಂತೆ. ಯಾರ ಗುಂಡು ಬಿದ್ದರೂ ನೆರೆದವರೆಲ್ಲ, ಎದುರಾಳಿಯೂ ಸೇರಿ, "ಅಯ್ಯೋ!" ಅನ್ನುವುದು ಅಲ್ಲಿನ ಪದ್ಧತಿ.

ಈ ಸಲ ಫೈನಲ್ಲಿಗೆ ಬಂದವರು ಟೈಲರ್ ಮಕ್ಬೂಲ್ ಮತ್ತು ಕ್ಲಬ್ಬಿನ ಅಧ್ಯಕ್ಷ ಹಾಲಸ್ವಾಮಿಯವರು. ಮಕ್ಬೂಲ್ ಆಡಿ ಮುಗಿಸಿದ್ದ. ಅಧ್ಯಕ್ಷರು ಪಂದ್ಯ ನಡೆಸುವ ಗುಮಾಸ್ತನನ್ನು ಕರೆದು ಗದರಿದರು. "ನಾನು ಆಡುವಾಗ ಯಾರೂ ಅಯ್ಯೋ ಅನ್ನಕೂಡದು. ಅಪಶಕುನ! ಒಂದು ದನಿ ಕೇಳಿಸಿದರೂ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ."

"ಆಗಲಿ ಸಾರ್," ಅಂದ ಗುಮಾಸ್ತ. ಹೋಗಿ ಎಲ್ಲರ ಕೈಗೂ ಒಂದೊಂದು ಪೊಟ್ಟಣ ಮಂಡಕ್ಕಿ ಕೊಟ್ಟ.

ಮೊದಲ ಗುಂಡು ಬಿತ್ತು. ಕರಕರ ಮಂಡಕ್ಕಿ ಅಗಿಯುವ ಸದ್ದು. ಅಧ್ಯಕ್ಷರು ತಿರುಗಿ ನೋಡಿದರು. ಎಲ್ಲರ ಕಣ್ಣೂ ಪೊಟ್ಟಣದೊಳಗೆ.

ಎರಡನೆಯದು ಕೂದಲೆಳೆಯಲ್ಲಿ ತಪ್ಪಿ ಬಿತ್ತು. ಮತ್ತೆ ಕರಕರ.

"ಏನ್ರೀ, ನನ್ನ ಗುಂಡು ಬಿತ್ತು!"

"ನೋಡಿದ್ವಿ ಸಾರ್," ಅಂದ ಗುಮಾಸ್ತ. "ಮಂಡಕ್ಕಿ ತಗೋತೀರಾ?"

ಹಾಲಸ್ವಾಮಿಯವರು ಯಂತ್ರ ಬಿಟ್ಟು ಜನರತ್ತ ತಿರುಗಿದರು. "ಇಷ್ಟು ಜನ ಇದ್ದೀರಿ, ಒಬ್ಬರಾದ್ರೂ ಅಯ್ಯೋ ಅನ್ನಬಾರ್ದೇನಪ್ಪಾ?"

"ಅಪ್ಪಣೆ ಆದ್ರೆ ಅಂತೀವಿ ಸಾರ್."

"ಅನ್ರಪ್ಪಾ, ಅನ್ರಿ!"

ಮೂರನೆಯದೂ ಬಿತ್ತು. ಸೂರು ಹಾರುವ ಹಾಗೆ "ಅಯ್ಯೋ!" ಎದ್ದಿತು. ಎಲ್ಲರಿಗಿಂತ ಜೋರಾಗಿ ಕೂಗಿದವನು ಗೆದ್ದ ಮಕ್ಬೂಲ್.

ಸೋತ ಅಧ್ಯಕ್ಷರು ಅವನ ಹೆಗಲ ಮೇಲೆ ಕೈಯಿಟ್ಟು ಗುಮಾಸ್ತನತ್ತ ತಿರುಗಿದರು.

"ಮೊದಲೆರಡರದ್ದು ಬಾಕಿ ಇದೆ ಕಣಯ್ಯ. ಅದನ್ನೂ ಅನ್ನಿಸಿಬಿಡು."