ಗೀಜಗನ ಹತ್ತನೆಯ ಉತ್ತರ

ಜಾಲಿಮರದ ಗೀಜಗ ಆ ವರ್ಷ ಏಳು ಗೂಡು ನೇಯ್ದು, ಸರಿಬರಲಿಲ್ಲವೆಂದು ಏಳನ್ನೂ ತಾನೇ ಬಿಚ್ಚಿಹಾಕಿತ್ತು. ಮೊಟ್ಟೆಯಿಡುವ ದಿನ ಹತ್ತಿರವಾದ ಹೆಂಡತಿ ಅದನ್ನು ವೈದ್ಯ ಮರಕುಟಿಗನ ಬಳಿ ಕರೆತಂದಿತು.

ಮರಕುಟಿಗ ಹೇಳಿತು: "ಈ ಚಾಳಿ ಎಷ್ಟು ಬೆಳೆದಿದೆಯೋ ಅಳೆಯೋಣ. ಹತ್ತು ಪ್ರಶ್ನೆ. ಇಲ್ಲವೇ ಇಲ್ಲ ಅಂದರೆ ತೊಗಟೆಯಲ್ಲಿ ಒಂದು ತೂತು, ಯಾವಾಗಲೂ ಅಂದರೆ ಐದು. ಮೊದಲನೆಯದು: ಮಾಡಿದ ಕೆಲಸ ಸಾಲದು ಅನ್ನಿಸುತ್ತದೆಯೇ?"

"ನಾಲ್ಕು," ಎಂದಿತು ಗೀಜಗ. ಮರಕುಟಿಗ ಕುಟ್ಟಿತು. "ತಾಳಿ, ಮೂರಿರಬೇಕು. ಒಂದು ತೂತು ಮುಚ್ಚಿಬಿಡಿ, ಸುಳ್ಳು ಹೇಳಿದಂತಾಗುತ್ತದೆ," ಎಂದಿತು ಗೀಜಗ.

ಹೀಗೆ ಒಂದೊಂದು ಉತ್ತರವನ್ನೂ ತಿದ್ದಿಸುವಷ್ಟರಲ್ಲಿ ಮೂರು ದಿನ ಕಳೆಯಿತು. "ಯಾವುದೋ ಒಂದು ಗೂಡು ಕಟ್ಟಿಕೊಡಿ, ಸೋರಿದರೂ ಆದೀತು," ಎಂದು ಹೆಂಡತಿ ಎರಡು ಸಲ ಹೇಳಿತು.

"ಇದೊಂದು ಸರಿಯಾಗಿ ಮುಗಿಯಲಿ," ಎಂದಿತು ಗೀಜಗ.

ನಾಲ್ಕನೆಯ ದಿನ ಮರಕುಟಿಗ ಕೊನೆಯದನ್ನು ಕೇಳಿತು: "ನಿನ್ನ ಈ ಗುಣದಿಂದ ಹತ್ತಿರದವರಿಗೆ ನೋವಾಗಿದೆಯೇ?"

"ಅವಳನ್ನೇ ಕೇಳಿ ಹೇಳುತ್ತೇನೆ," ಎಂದು ಗೀಜಗ ತಿರುಗಿತು. ಹೆಂಡತಿ ಕೂತಿದ್ದ ಕೊಂಬೆ ಖಾಲಿಯಾಗಿತ್ತು. ಕೆಳಗೆ ಹುಲ್ಲಿನಲ್ಲಿ ಮೊಟ್ಟೆಯೊಂದು ಒಡೆದು ಬಿದ್ದಿತ್ತು.

"ಎಷ್ಟು ತೂತು ಕೊರೆಯಲಿ?" ಎಂದಿತು ಮರಕುಟಿಗ.

ಗೀಜಗ ಮೊಟ್ಟೆಯಿಂದ ತೊಗಟೆಯತ್ತ ತಿರುಗಿತು. "ಮೊದಲನೆಯ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ," ಎಂದಿತು. "ಅಲ್ಲೇ ಏನೋ ತಪ್ಪಾಗಿದೆ."