ಕೂಸಿನ ಕಣ್ಣು ಕೇಳಿದ ಕಣ್ಣವ್ವ

ಯಾವ ಕಾಲವೋ ಹೇಳಲಾರೆ, ನಮ್ಮ ಅಜ್ಜಿಯ ಅಜ್ಜಿಗೂ ಅದು ಹಳೇ ಕಾಲವೇ. ಬಿಳಿಗುಂಡಿ ಅಂತ ಒಂದು ಊರಿತ್ತು. ಸುಣ್ಣ ಸುಡುವವರ ಊರು. ಹಳ್ಳದ ದಂಡೆಗೆ ಸುಣ್ಣದ ಗೂಡುಗಳು, ಗೂಡುಗಳ ಆಚೆ ಬೂದಿಯ ದಿಬ್ಬ. ಮನೆ, ಮರ, ನಾಯಿ, ಮನುಷ್ಯರು, ಎಲ್ಲದರ ಮೇಲೂ ಬಿಳಿ ಪುಡಿ. ಮುಸ್ಸಂಜೆಯಾದರೆ ಆ ಊರಲ್ಲಿ ಬದುಕಿರುವವರು ಯಾರು, ಸತ್ತು ತಿರುಗುವವರು ಯಾರು ಅಂತ ಗುರುತು ಹತ್ತುತ್ತಿರಲಿಲ್ಲ ಅಂತಾರೆ.

ಆ ದಿಬ್ಬದ ಮೇಲೆ ಒಂದು ಗುಡಿಸಲು. ಅದರಲ್ಲಿ ನೀಲಗಂಗವ್ವ ಅನ್ನುವ ಹೆಂಗಸು ಒಬ್ಬಳೇ ಇದ್ದಳು. ಎಲ್ಲಿಂದ ಬಂದಳೋ, ಯಾರ ಮಗಳೋ ಯಾರಿಗೂ ಗೊತ್ತಿಲ್ಲ. ಕೆಲಸದವರ ಕಣ್ಣಿಗೆ ಸುಣ್ಣ ಸಿಡಿದರೆ ತೊಳೆದು ಔಷಧ ಬಿಡುತ್ತಿದ್ದಳು. ಅದಕ್ಕೇ ಕಣ್ಣವ್ವ ಅಂತ ಕರೆದರು. ಅವಳು ರೆಪ್ಪೆ ಬಡಿದದ್ದನ್ನು ಕಂಡವರಿಲ್ಲ ಅಂತಾರೆ. ಒಲೆಯ ಮೇಲೆ ಹಾಲು ಉಕ್ಕುವುದು ನಮಗೆ ಹೇಗೆ ಕೇಳಿಸುತ್ತದೋ, ಕಣ್ಣೊಂದು ಕತ್ತಲಾಗುವುದು ಅವಳಿಗೆ ಹಾಗೆ ಕೇಳಿಸುತ್ತಿತ್ತು ಅಂತಾರೆ.

ದೊಡ್ಡವರು ಅವಳ ಹತ್ತಿರ ಹೋಗುತ್ತಿದ್ದರು. ಆದರೆ ಕೂಸಿರುವ ಮನೆಯವರು ಅವಳ ನೆರಳು ಕಂಡರೆ ಸಾಕು, ಬಾಗಿಲು ಹಾಕಿಕೊಳ್ಳುತ್ತಿದ್ದರು. ಹಿಂದೊಮ್ಮೆ ಒಂದು ಮನೆಗೆ ಬಂದು ಕೂಸಿನ ಕಣ್ಣು ಕೇಳಿದ್ದಳಂತೆ. ಅವರು ಕೊಡಲಿಲ್ಲ. ಮುಂದಿನ ಬಿತ್ತನೆಯ ಹೊತ್ತಿಗೆ ಆ ಮನೆಯ ತೊಟ್ಟಿಲು ಬರಿದಾಗಿತ್ತು. ಕಣ್ಣವ್ವನ ಶಾಪ ಅಂದರು ಜನ.

ಅದೇ ಊರಲ್ಲಿ ಗೂಡಿಗೆ ಬೆಂಕಿ ಹಾಕುವ ಯಮನೂರಪ್ಪ, ಅವನ ಹೆಂಡತಿ ಹೊಳೆಮ್ಮ. ಭಾಳ ವರ್ಷ ಕಾದಮೇಲೆ ಅವರಿಗೊಂದು ಹೆಣ್ಣುಕೂಸು ಹುಟ್ಟಿತು. ಸಿರಿಯವ್ವ ಅಂತ ಹೆಸರಿಟ್ಟರು. ಕೂಸು ಅಂಬೆಗಾಲಿಡುವಾಗ, ದೀಪ ಹಚ್ಚುವ ಹೊತ್ತಿನಲ್ಲಿ, ಅದರ ಎಡಗಣ್ಣಿನ ಪಾಪೆಯೊಳಗೆ ಬೆಳ್ಳಗೆ ಏನೋ ಮಿಂಚಿತು. ಕತ್ತಲಲ್ಲಿ ಬೆಕ್ಕಿನ ಕಣ್ಣು ಮಿಂಚುತ್ತದಲ್ಲ, ಹಾಗೆ. ಓಣಿಯವರೆಲ್ಲ ಬಂದು ನೋಡಿದರು. ಕೂಸಿನೊಳಗೆ ದೇವಿ ದೀಪ ಹಚ್ಚಿದ್ದಾಳೆ ಅಂದರು. ಹಣೆಗೆ ಕುಂಕುಮ ಇಟ್ಟರು, ಹೂ ಏರಿಸಿದರು, ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಯಮನೂರಪ್ಪ ಹಿರಿಹಿರಿ ಹಿಗ್ಗಿದ.

ಹೊಳೆಮ್ಮ ಮಾತ್ರ ಹಿಗ್ಗಲಿಲ್ಲ. ಆ ಕಣ್ಣು ಆಗಾಗ ಮೂಗಿನ ಕಡೆ ಸರಿಯುವುದನ್ನು ಅವಳು ಕಂಡಿದ್ದಳು. ಸೆರಗು ಬಲಗಣ್ಣಿನ ಮೇಲೆ ಬಿದ್ದರೆ ಕೂಸು ಕಿರುಚುತ್ತಿತ್ತು. ಎಡಗಣ್ಣಿನ ಮೇಲೆ ಬಿದ್ದರೆ ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಕಂಡೂ ಬಾಯಿ ಬಿಡಲಿಲ್ಲ. ಆಡಿದರೆ ಎಲ್ಲಿ ನಿಜವಾಗಿಬಿಡುತ್ತದೋ ಅಂತ ಹೆದರಿದಳು.

ಒಂದು ಮುಸ್ಸಂಜೆ ಕಣ್ಣವ್ವ ಅವರ ಹೊಸ್ತಿಲ ಆಚೆ ಬಂದು ನಿಂತಳು. ಅಂಗಳದ ಬಿಳಿ ಪುಡಿಯ ಮೇಲೆ ಅವಳ ಹೆಜ್ಜೆಯೇ ಮೂಡಿರಲಿಲ್ಲ ಅಂತಾರೆ. ಕೂಸನ್ನು ನೋಡಿದಳು, ಸುಮ್ಮನೆ ನೋಡಿದಳು.

"ಹೊಳೆಮ್ಮ, ನಿನ್ನ ಕೂಸಿನ ಕಣ್ಣಾಗ ಬ್ಯಾರೆ ಯಾರೋ ಕುಂತಾರ," ಅಂದಳು. "ಆ ಕಣ್ಣು ನನಗ ಕೊಡು. ಕೊಡದಿದ್ರ ಅದು ಕೂಸನ್ನ ತಿಂತೈತಿ."

ಯಮನೂರಪ್ಪ ಒಲೆಯಿಂದ ಕೊಳ್ಳಿ ಹಿರಿದುಕೊಂಡು ಬಂದ. ಅವಳು ಓಡಲಿಲ್ಲ. ಬಂದ ಹಾಗೇ ತಿರುಗಿ ನಡೆದುಹೋದಳು.

ಆಮೇಲೆ ಕೂಸಿನ ಕಣ್ಣು ಕೆಂಪಾಯಿತು, ಉಬ್ಬಿತು. ಕೂಸು ನಿದ್ದೆಯಲ್ಲಿ ನರಳತೊಡಗಿತು. ಕಡೆಗೆ ಹೊಳೆಮ್ಮ ಗಂಡನನ್ನು ಎದುರಿಗೆ ಕೂರಿಸಿಕೊಂಡಳು. ಅಂಗೈಯಿಂದ ಕೂಸಿನ ಎಡಗಣ್ಣು ಮುಚ್ಚಿದಳು. ಕೂಸು ಅಪ್ಪನನ್ನು ಕಂಡು ನಕ್ಕಿತು. ಬಲಗಣ್ಣು ಮುಚ್ಚಿದಳು. ಕೂಸಿನ ನಗು ಆರಿತು. ಎದುರಿಗೇ ಇದ್ದ ಅಪ್ಪನ ಮುಖವನ್ನು ದಾಟಿ, ಅವನ ಹಿಂದೆ ನಿಂತ ಯಾರನ್ನೋ ನೋಡುತ್ತಿರುವ ಹಾಗೆ ಸುಮ್ಮನಾಯಿತು. ಯಮನೂರಪ್ಪ ತಿರುಗಿ ನೋಡಿದ. ಹಿಂದೆ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

"ನನ್ನ ಕಾಣವಲ್ಲದು," ಅಂದ. ಎದ್ದು ಕೂಸನ್ನು ಎತ್ತಿಕೊಂಡ.

ದಿಬ್ಬದ ಮೇಲೆ ಗುಡಿಸಲ ಬಾಗಿಲು ತೆರೆದೇ ಇತ್ತಂತೆ. ಒಳಗೆ ನಡೆದದ್ದನ್ನು ಯಾರೂ ಪೂರಾ ಹೇಳಿಲ್ಲ. ಕಣ್ಣವ್ವ ಯಾವುದೋ ಎಲೆಯ ರಸ ಕುಡಿಸಿ ಕೂಸನ್ನು ಮಲಗಿಸಿದಳು. ಯಮನೂರಪ್ಪ ಕಣ್ಣು ಮುಚ್ಚಿಕೊಂಡು ಕೂಸಿನ ತಲೆ ಹಿಡಿದ. ಹೊಳೆಮ್ಮ ಹೊರಗೆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ಆ ಹೊತ್ತಿಗೆ ಗಾಳಿ ಇಲ್ಲದೆಯೂ ಊರಿನ ದೀಪಗಳೆಲ್ಲ ದಿಬ್ಬದ ಕಡೆಗೆ ಬಾಗಿದವು ಅಂತಾರೆ. ತೆಗೆದದ್ದನ್ನು ಕಣ್ಣವ್ವ ಇನ್ನೂ ನೀರು ಕಾಣದ ಸುಟ್ಟ ಸುಣ್ಣದಲ್ಲಿ ಹೂತು ನೀರು ಹೊಯ್ದಳು. ಸುಣ್ಣ ಕುದಿಯಿತು. ಕುದಿಯುವಾಗ ಅದರೊಳಗಿಂದ ಯಾರೋ ಹೊಳೆಮ್ಮನ ಹೆಸರು ಹಿಡಿದು ಕರೆದರು ಅಂತಾರೆ. ಹೊಳೆಮ್ಮ ಓ ಅನ್ನಲಿಲ್ಲ.

ಸಿರಿಯವ್ವ ಬದುಕಿದಳು. ಒಂದೇ ಕಣ್ಣಿನಲ್ಲಿ ಬೆಳೆದಳು, ಮದುವೆಯಾದಳು, ಮಕ್ಕಳನ್ನು ಹಡೆದಳು. ಅವಳು ಚೊಚ್ಚಲು ಹಡೆದ ದಿನ ಊರವರು ಕಣ್ಣವ್ವನಿಗೆ ಸೀರೆ ಉಡಿಸಲು ದಿಬ್ಬ ಹತ್ತಿದರು. ಗುಡಿಸಲಲ್ಲಿ ಯಾರೂ ಇರಲಿಲ್ಲ. ಒಲೆ ಬೆಚ್ಚಗಿತ್ತು.

ಇವತ್ತಿಗೂ ಆ ಸೀಮೆಯಲ್ಲಿ, ಕೂಸು ಮುಖ ಗುರುತು ಹಿಡಿಯುವಷ್ಟಾದಾಗ, ಒಂದು ಸಂಜೆ ಅಪ್ಪ ಅವ್ವ ಇಬ್ಬರೂ ಅದರ ಎದುರು ಕೂರುತ್ತಾರೆ. ಒಂದು ಕಣ್ಣು ಮುಚ್ಚಿ ನೋಡುತ್ತಾರೆ, ಇನ್ನೊಂದು ಮುಚ್ಚಿ ನೋಡುತ್ತಾರೆ. ಅಪ್ಪ ಗದ್ದೆಗೆ ಹೋಗಿದ್ದರೆ ಬರುವತನಕ ಕಾಯುತ್ತಾರೆ. ಬಿಳಿ ಮಿಂಚು ಕಂಡರೆ, ಕಣ್ಣು ಓರೆಯಾದರೆ, ಪೂಜೆಗೆ ಕೂರುವುದಿಲ್ಲ, ಹಿರಿಯರನ್ನು ಕೇಳುವುದಿಲ್ಲ. ಕೂಸನ್ನು ಎತ್ತಿಕೊಂಡು ಪೇಟೆಯ ಕಣ್ಣಿನ ದವಾಖಾನೆಯ ದಾರಿ ಹಿಡಿಯುತ್ತಾರೆ. ಎದುರು ಬಂದವರು ಎಲ್ಲಿಗೆ ಹೊರಟಿರಿ ಅನ್ನುವುದಿಲ್ಲ. ದೇವರಿಗೆ ದಾರಿ ಬಿಡುವ ಹಾಗೆ ಚಪ್ಪಲಿ ಬಿಟ್ಟು, ಪಕ್ಕಕ್ಕೆ ಸರಿದು ನಿಲ್ಲುತ್ತಾರೆ.