ತಂಬೂರಿ ಮೀಟಿದವರು

"ಗುರುಗಳೇ, ಒಂದು ರಚನೆಯಿಂದ ಎಷ್ಟನ್ನು ತೆಗೆಯಬಹುದು?" ಎಂದು ಇಂದುಮತಿ ಕೇಳಿದಳು.

ಅವಳು ತಾನು ಸ್ವರ ಹಾಕಿದ ಹೊಸ ರಚನೆಯೊಂದನ್ನು ತಂದಿದ್ದಳು. ಅದರಲ್ಲಿ ಎಂಟು ವಾದ್ಯಗಳಿದ್ದವು. ಗುರು ತಿರುಮಲಯ್ಯನವರು ಹಾಳೆಗಳನ್ನು ಕೊನೆಯವರೆಗೂ ಓದಿ, ಮಡಿಸಿ ಅವಳ ಕೈಗೆ ಕೊಟ್ಟು, "ಹೆಚ್ಚಾಯಿತು" ಎಂದಷ್ಟೇ ಹೇಳಿದ್ದರು. ಅದಕ್ಕೇ ಅವಳ ಈ ಪ್ರಶ್ನೆ.

ತಿರುಮಲಯ್ಯನವರು ಈ ಕತೆ ಹೇಳಿದರು.

ಒಂದು ಊರಿನ ರೇಡಿಯೊ ನಿಲಯದಲ್ಲಿ ಒಬ್ಬ ಸಂಯೋಜಕನಿದ್ದ. ನಾಟಕಗಳಿಗೆ, ಗೀತೆಗಳಿಗೆ ಸಂಗೀತ ಕೂಡಿಸುವುದು ಅವನ ಕೆಲಸ. ಅವನ ಕೈಕೆಳಗೆ ಹದಿನಾರು ಜನ ವಾದ್ಯಗಾರರಿದ್ದರು. ಅವನಿಗೆ ಖಾಲಿ ಜಾಗ ಕಂಡರೆ ಆಗುತ್ತಿರಲಿಲ್ಲ. ಹಾಡುಗಾರ ಉಸಿರು ತೆಗೆದುಕೊಳ್ಳುವಲ್ಲಿ ಪಿಟೀಲು ಇಡುತ್ತಿದ್ದ. ಪಿಟೀಲು ಬಿಟ್ಟಲ್ಲಿ ಕೊಳಲು, ಕೊಳಲು ಬಿಟ್ಟಲ್ಲಿ ಜಲತರಂಗ. ಕೇಳಿದವರು ಭೇಷ್ ಎನ್ನುತ್ತಿದ್ದರು. ಆದರೆ ಇಂದು ಮಾಡಿದ್ದು ನಾಳೆ ಅವನಿಗೇ ನೆನಪಿರುತ್ತಿರಲಿಲ್ಲ. ಅದೊಂದು ಅವನನ್ನು ಕೊರೆಯುತ್ತಿತ್ತು.

ಒಂದು ಮಧ್ಯಾಹ್ನ ಧ್ವನಿಮುದ್ರಣ ಮುಗಿಯಿತು. ಹಾಡುಗಾರ ಹಾಡು ನಿಲ್ಲಿಸಿ ಪಕ್ಕದವನ ಜೊತೆ ಮಾತಿಗೆ ತೊಡಗಿದ. ಉಳಿದವರು ವಾದ್ಯಗಳನ್ನು ಕೆಳಗಿಟ್ಟರು. ಹಿಂದಿನ ಮೂಲೆಯಲ್ಲಿ ಒಬ್ಬ ಹೆಂಗಸು ಮಾತ್ರ ತಂಬೂರಿ ಮೀಟುತ್ತಲೇ ಇದ್ದರು. ನಿಲಯದಲ್ಲಿ ಯಾರು ಹಾಡಿದರೂ ಅವರ ಹಿಂದೆ ಕುಳಿತು ತಂಬೂರಿ ಮೀಟುವುದು ಅವರ ಕೆಲಸ. ಹಾಡುಗಾರ ಎದ್ದು ನಿಲ್ಲುವವರೆಗೆ ಬೆರಳು ನಿಲ್ಲಿಸಬಾರದೆಂದು ಅವರಿಗೆ ಚಿಕ್ಕಂದಿನಲ್ಲಿ ಯಾರೋ ಹೇಳಿಕೊಟ್ಟಿದ್ದರು. ಅವರು ಹಾಗೇ ನಡೆದುಕೊಂಡು ಬಂದಿದ್ದರು.

ಸಂಯೋಜಕ ಗಾಜಿನ ಆಚೆ ಕೋಣೆಯಲ್ಲಿದ್ದ. ಯಂತ್ರ ನಿಲ್ಲಿಸಲು ಹೊರಟ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ನಾಲ್ಕು ತಂತಿಗಳು, ಮತ್ತೆ ಅವೇ ನಾಲ್ಕು. ಮೊದಲು ಎಲ್ಲವೂ ಒಂದೇ ಎನ್ನಿಸಿತು. ಹತ್ತು ಸುತ್ತು ಕೇಳಿದ ಮೇಲೆ ಒಂದರ ಹಾಗೆ ಇನ್ನೊಂದಿಲ್ಲ ಎಂದು ತಿಳಿಯಿತು. ಹಾಡುಗಾರ ಎದ್ದ. ಬೆರಳು ನಿಂತಿತು. ಸಂಯೋಜಕನಿಗೆ ಏನನ್ನೋ ಕಿತ್ತುಕೊಂಡ ಹಾಗಾಯಿತು.

ಮರುದಿನದಿಂದ ಅವನು ತೆಗೆಯಲು ಶುರುಮಾಡಿದ. ಮೊದಲು ಜಲತರಂಗ ಹೋಯಿತು. ಆಮೇಲೆ ಪಿಟೀಲುಗಳು, ಆಮೇಲೆ ತಬಲ. "ನಮ್ಮಿಂದ ಏನು ತಪ್ಪಾಯಿತು?" ಎಂದು ವಾದ್ಯಗಾರರು ಕೇಳಿದರು. ಅವನು ಪಟ್ಟಿಯಲ್ಲಿ ಮುಂದಿನ ವಾದ್ಯವನ್ನು ಹೊಡೆದುಹಾಕಿದ. ಕೊನೆಗೆ ತಂಬೂರಿಯ ಹೆಂಗಸಿನ ಜೊತೆಗೆ ಅವನ ಗೆಳೆಯನಾದ ಕೊಳಲುಗಾರ ಒಬ್ಬ ಉಳಿದ. ಸಂಯೋಜಕ ಅವನಿಗೆ ಮೂರು ಸ್ವರ ಬರೆದುಕೊಟ್ಟು, ಅರ್ಧ ಗಂಟೆ ಅವನ್ನೇ ಊದು ಎಂದ.

"ಮೂರೇ ಸ್ವರಕ್ಕೆ ನಾನ್ಯಾಕಪ್ಪ ಬೇಕು? ಯಾರು ಬೇಕಾದ್ರೂ ಊದ್ತಾರೆ," ಎಂದು ಕೊಳಲುಗಾರ ಸಿಟ್ಟಾದ.

"ಬೇರೆಯವರು ಊದಿದ್ರೆ ಬರೀ ಮೂರು ಸ್ವರ ಕೇಳುತ್ತೆ. ನೀನೇ ಊದಬೇಕು."

ಕೊಳಲುಗಾರ ಉಳಿದುಕೊಂಡ.

ಆ ರಚನೆ ಒಂದು ಸಂಜೆ ಪ್ರಸಾರವಾಯಿತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ನಿಲಯದ ಫೋನು ಬಡಿದುಕೊಳ್ಳತೊಡಗಿತು. ಗ್ರಾಮಫೋನ್ ತಟ್ಟೆ ಎಲ್ಲೋ ಸಿಕ್ಕಿಹಾಕಿಕೊಂಡಿದೆ, ಮುಳ್ಳು ಎತ್ತಿ ಮುಂದಕ್ಕಿಡಿ ಎಂದು ಕೇಳುಗರು ಹೇಳಿದರು. ನಿಲಯದ ನಿರ್ದೇಶಕರು ಸಂಯೋಜಕನನ್ನು ಕರೆದು, ಇಂಥದ್ದು ಇಲ್ಲಿ ಬೇಡ ಎಂದರು.

ಅವನು ಬೇರೆ ಜಾಗ ಹುಡುಕಿದ. ಪೇಟೆಯಲ್ಲಿ ಒಂದು ಮಹಡಿಯ ಮೇಲೆ ಟೈಪಿಂಗ್ ಶಾಲೆ ಇತ್ತು. ಭಾನುವಾರ ಅದಕ್ಕೆ ರಜೆ. ಶಾಲೆಯ ಯಜಮಾನ ಬೀಗದ ಕೈ ಕೊಟ್ಟ. ಭಾನುವಾರ ಬೆಳಿಗ್ಗೆ ಟೈಪ್‌ರೈಟರುಗಳ ಮೇಜುಗಳನ್ನು ಗೋಡೆಗೆ ಸರಿಸಿ ನೆಲದ ಮೇಲೆ ಚಾಪೆ ಹಾಸುತ್ತಿದ್ದರು. ಹೆಂಗಸು ತಂಬೂರಿ ಹಿಡಿದು ಕೂರುತ್ತಿದ್ದರು. ಕೊಳಲುಗಾರ ತನ್ನ ಮೂರು ಸ್ವರ ಊದುತ್ತಿದ್ದ. ಸಂಯೋಜಕ ಹಾರ್ಮೋನಿಯಂ ಮೇಲೆ ಎರಡು ಸ್ವರದ ಮನೆಗಳನ್ನು ಒತ್ತಿ ಹಿಡಿಯುತ್ತಿದ್ದ, ಅಷ್ಟೇ.

ಮೊದಲ ವಾರ ನಾಲ್ಕು ಜನ ಬಂದರು. ಆಮೇಲೆ ಹತ್ತಾಯಿತು, ಹದಿನೈದಾಯಿತು. ಕೆಲವರು ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದರು. ಒಬ್ಬಾಕೆ ಕೇಳುತ್ತಾ ಅವರೆಕಾಯಿ ಸುಲಿಯುತ್ತಿದ್ದಳು. ಯಾರೂ ಯಾರನ್ನೂ ಏನೂ ಅನ್ನುತ್ತಿರಲಿಲ್ಲ. ಕೆಲಸದಿಂದ ನಿವೃತ್ತನಾದ ಒಬ್ಬ ಅಂಚೆಯವನು ತಪ್ಪದೆ ಬರುತ್ತಿದ್ದ. ಕಣ್ಣು ಮುಚ್ಚಿ ಕೂರುತ್ತಿದ್ದ. ಹೋಗುವಾಗ ಚಪ್ಪಲಿ ಮೆಟ್ಟುತ್ತಾ, "ಇವತ್ತು ಬೇರೆ ಥರ ಇತ್ತು," ಎನ್ನುತ್ತಿದ್ದ. ನುಡಿಸಿದ್ದು ಹೋದ ವಾರದ್ದೇ. ಮುಂದೆ ದೊಡ್ಡ ದೊಡ್ಡವರು ಎಷ್ಟೋ ಹೊಗಳಿದರು. ಸಂಯೋಜಕನಿಗೆ ಅವು ಯಾವುವೂ ನೆನಪಿನಲ್ಲಿ ನಿಲ್ಲಲಿಲ್ಲ, ಇದೊಂದು ಮಾತು ನಿಂತಿತು.

ಎಲ್ಲರೂ ಹೋದ ಮೇಲೆ ಹೆಂಗಸು ಚೀಲದಿಂದ ಡಬ್ಬಿ ತೆಗೆದು ಒಗ್ಗರಣೆ ಅವಲಕ್ಕಿ ಹಂಚುತ್ತಿದ್ದರು. ಮೂವರೂ ಕಿಟಕಿಯ ಬಳಿ ಕುಳಿತು ತಿನ್ನುತ್ತಿದ್ದರು. ಕೊಳಲುಗಾರ ನಿರ್ದೇಶಕರ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದ. ಹೆಂಗಸು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಆಮೇಲೆ ಮೇಜುಗಳನ್ನು ಮತ್ತೆ ಸಾಲಾಗಿ ಜೋಡಿಸಿ ಕೆಳಗಿಳಿಯುತ್ತಿದ್ದರು. ತಂಬೂರಿ ನಿಲಯದ್ದು, ಸಂಯೋಜಕ ಅದನ್ನು ಹೆಗಲ ಮೇಲೆ ಹೊತ್ತು ವಾಪಸು ಮುಟ್ಟಿಸುತ್ತಿದ್ದ. ಹೀಗೆ ಮೂರು ವರ್ಷ ನಡೆಯಿತು. ಆ ದಿನಗಳಲ್ಲಿ ತಾನು ಸುಖವಾಗಿದ್ದೇನೆ ಎಂದು ಅವನಿಗೆ ಒಂದು ಸಲವೂ ಅನ್ನಿಸಲಿಲ್ಲ. ಮುಂದಿನ ರಚನೆ ಇನ್ನೂ ಎಷ್ಟು ಸಣ್ಣದಾಗಬೇಕು ಎಂಬ ಯೋಚನೆಯೇ ತಲೆತುಂಬ.

ಮೂರನೆಯ ವರ್ಷ ಅವನು ನಿಲಯದವರು ಮೂಲೆಗೆ ಹಾಕಿದ್ದ ಟೇಪ್ ಯಂತ್ರವೊಂದನ್ನು ಕೇಳಿ ತಂದ. ಹೆಂಗಸಿನ ತಂಬೂರಿಯ ನಾದವನ್ನು ಅದರಲ್ಲಿ ಹಿಡಿದ. ಎರಡು ಮೊಳ ಟೇಪನ್ನು ಕತ್ತರಿಸಿ ತುದಿಗೆ ತುದಿ ಅಂಟಿಸಿದ. ಟೇಪು ಬಳೆಯ ಹಾಗೆ ಸುತ್ತತೊಡಗಿತು. ನಾಲ್ಕು ತಂತಿಗಳ ಒಂದೇ ಸುತ್ತು ಮತ್ತೆ ಮತ್ತೆ ಬಂತು. ಅದರ ಪಕ್ಕದಲ್ಲಿ ಕುಳಿತು ಮೀಟಿರಿ ಎಂದು ಹೆಂಗಸಿಗೆ ಹೇಳಿದ. ಮೊದಲು ಎರಡೂ ಒಟ್ಟಿಗೆ ಹೊರಟವು. ಯಂತ್ರ ಕೂದಲೆಳೆಯಷ್ಟು ಮುಂದೆ ಹೋಯಿತು. ಹೋಗುತ್ತಾ ಹೋಗುತ್ತಾ ತಂತಿಗಳ ನಡುವೆ ಯಾರೂ ಬರೆಯದ ಸ್ವರಗಳು ಹುಟ್ಟಿಕೊಂಡವು. ಬಹಳ ಹೊತ್ತಿನ ಮೇಲೆ ಎರಡೂ ಮತ್ತೆ ಒಂದಾದವು. ಆಗ ಚಾಪೆಯ ಮೇಲಿದ್ದವರೆಲ್ಲ ಒಮ್ಮೆಗೇ ಉಸಿರು ಬಿಟ್ಟರು.

ಅಂದು ಹೆಂಗಸು ಬೆರಳು ಒರೆಸಿಕೊಳ್ಳುತ್ತಾ ಕೇಳಿದರು. "ಅದೂ ನನ್ನ ಬೆರಳೇ ಅಲ್ವಾ ಸ್ವಾಮಿ? ಆದ್ರೆ ಅದಕ್ಕೆ ಸುಸ್ತಾಗೋದಿಲ್ಲ."

ಸಂಯೋಜಕ ನಕ್ಕುಬಿಟ್ಟ.

ಈ ಸುದ್ದಿ ಊರಿಂದ ಊರಿಗೆ ಹೋಯಿತು. ದೂರದ ನಗರದಿಂದ ಬಂದ ಒಬ್ಬರು ಮಹಡಿ ಹತ್ತಿ, ಚಾಪೆಯ ಮೇಲೆ ಕುಳಿತು ಕೇಳಿಕೊಂಡು ಹೋದರು. ಆಮೇಲೆ ಕಡಲಾಚೆಯಿಂದ ಕರೆ ಬಂತು. ಇಬ್ಬರು ಬನ್ನಿ ಎಂದು ಬರೆದಿದ್ದರು. ಸಂಯೋಜಕ ಕಾಗದವನ್ನು ಮೂವರ ನಡುವೆ ಇಟ್ಟ. ಯಾರು ಉಳಿಯಬೇಕು ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ.

"ನಂದು ಟೇಪಿನಲ್ಲಿ ಇದೆಯಲ್ಲ, ನೀವಿಬ್ಬರು ಹೋಗಿಬನ್ನಿ," ಎಂದು ಹೆಂಗಸೇ ಹೇಳಿ ಅವನಿಗೆ ಕಷ್ಟ ತಪ್ಪಿಸಿದರು. ತಂಬೂರಿಗೆ ಗವಸು ಹಾಕಿದರು. ಮೆಟ್ಟಿಲಿಳಿಯುವಾಗ ತಿರುಗಿ, "ಬೇಕಾದ್ರೆ ಹೇಳಿಕಳಿಸಿ," ಎಂದರು.

ಕಡಲಾಚೆ ಜನ ಮೆಚ್ಚಿದರು. ಇನ್ನೊಂದು ಊರಿನವರು ಕರೆದರು, ಇನ್ನೊಂದು ದೇಶದವರು ಕರೆದರು. ಎರಡು ವರ್ಷ ಕಳೆದ ಮೇಲೆ ಕೊಳಲುಗಾರನಿಗೆ ಬೇಸರ ಬಂತು. ಯಂತ್ರದ ಜೊತೆ ಊದುತ್ತಾ ತನ್ನ ಉಸಿರೂ ಯಂತ್ರದ ಹಾಗಾಗುತ್ತಿದೆ ಎಂದು ಹೇಳಿ ಊರಿಗೆ ಹೊರಟುಹೋದ. ಅವನು ಹೋಗುವ ಮುಂಚೆ ಸಂಯೋಜಕ ಅವನ ಮೂರು ಸ್ವರಗಳನ್ನೂ ಟೇಪಿನಲ್ಲಿ ಹಿಡಿದಿಟ್ಟುಕೊಂಡ.

ಈಗ ವೇದಿಕೆಯ ಮೇಲೆ ಅವನೊಬ್ಬನೇ. ಸಭಾಂಗಣಗಳು ದೊಡ್ಡದಾದವು. ಎಲ್ಲೆಲ್ಲೂ ಬೇರೆ ಸಂಯೋಜಕರು ಇದೇ ದಾರಿ ಹಿಡಿದರು. ಮಿತ ಸಂಗೀತ ಎಂದು ಅದಕ್ಕೆ ಹೆಸರಾಯಿತು. ಕೆಲವರು ಅದನ್ನು ಸಿನಿಮಾಕ್ಕೆ ತಂದರು, ಕೆಲವರು ಸೋಪಿನ ಜಾಹೀರಾತಿಗೂ ತಂದರು. ನೂರು ಜನ ಕೂಡಿ ಮೂರು ಸ್ವರ ನುಡಿಸುವ ಕಾಲ ಬಂತು. ಏನೂ ಉಳಿಸದೆ ತೆಗೆದವನು ಎಂದು ಪತ್ರಿಕೆಗಳು ಅವನನ್ನು ಹೊಗಳಿದವು. ಅವನು ದೇಶದಿಂದ ದೇಶಕ್ಕೆ ಪೆಟ್ಟಿಗೆ ಹೊತ್ತು ತಿರುಗಿದ. ಪೆಟ್ಟಿಗೆಯಲ್ಲಿ ಎರಡು ಮೊಳದ ಆ ಟೇಪು ಇತ್ತು.

ಇಪ್ಪತ್ತು ವರ್ಷ ಹೀಗೆ ಕಳೆಯಿತು. ಒಂದು ದಿನ ಕಛೇರಿ ಮುಗಿದ ಮೇಲೆ ಒಬ್ಬ ಕೇಳುಗ ಬಂದು, ತಂಬೂರಿಯನ್ನು ಗೋಡೆಯಾಚೆ ಇಟ್ಟು ಮೀಟಿದ ಹಾಗಿದೆ, ಅದನ್ನು ಹೇಗೆ ಸಾಧಿಸಿದಿರಿ ಎಂದು ಮೆಚ್ಚಿ ಕೇಳಿದ. ಸಂಯೋಜಕ ಕೋಣೆಗೆ ಹೋಗಿ ಟೇಪನ್ನು ಬೆಳಕಿಗೆ ಹಿಡಿದ. ಅದರ ಕಂದು ಬಣ್ಣ ಅಲ್ಲಲ್ಲಿ ಉದುರಿತ್ತು. ಸುತ್ತಿ ಸುತ್ತಿ ಸವೆದಿತ್ತು. ದಿನಕ್ಕೆ ಇಷ್ಟಿಷ್ಟೇ ಹೋಗಿದ್ದರಿಂದ ಅವನಿಗೆ ಗೊತ್ತಾಗಿರಲಿಲ್ಲ.

ಪೆಟ್ಟಿಗೆಯ ತಳದಲ್ಲಿ ಇನ್ನೊಂದು ಟೇಪಿತ್ತು. ಟೈಪಿಂಗ್ ಶಾಲೆಯ ಒಂದು ಭಾನುವಾರವನ್ನು ಮೊದಲಿಂದ ಕೊನೆಯವರೆಗೆ ಅದರಲ್ಲಿ ಹಿಡಿದಿದ್ದ. ಯಾವತ್ತೂ ಹಾಕಿ ಕೇಳಿರಲಿಲ್ಲ. ಅಂದು ಹಾಕಿದ. ಕೊಳಲು ಕೇಳಿತು. ಅಂಚೆಯವನ ಕೆಮ್ಮು ಕೇಳಿತು. ತಂಬೂರಿಯ ಬುರುಡೆಗೆ ಬಳೆ ತಾಕಿದ ಸದ್ದು ಕೇಳಿತು. ಅರ್ಧ ಗಂಟೆ ಆಗುತ್ತಾ ಬಂದಾಗ ಮೊದಲನೆಯ ತಂತಿ ಸ್ವಲ್ಪ ತಡವಾಗಿ ಬಂತು. ಇನ್ನೊಂದು ಸುತ್ತು, ಮತ್ತೂ ತಡ. ಹೆಂಗಸಿಗೆ ಸುಸ್ತಾಗಿತ್ತು. ಆಮೇಲೆ ಅವರು ಬೆನ್ನು ನೆಟ್ಟಗೆ ಮಾಡಿ ಕುಳಿತಿರಬೇಕು. ತಂತಿ ತನ್ನ ಜಾಗಕ್ಕೆ ಬಂತು. ಹಾಗೆ ಬಂದದ್ದೇ ಇಡೀ ಕೋಣೆಗೆ ಬೆಳಕು ಹರಿದ ಹಾಗಿತ್ತು.

ಅವನು ಕತ್ತರಿಸಿಕೊಂಡಿದ್ದು ಅವರು ಸುಸ್ತಾಗುವ ಮೊದಲಿನ ಎರಡು ಮೊಳವನ್ನು. ಜಗತ್ತಿಗೆಲ್ಲ ಕೇಳಿಸಿದ್ದು ಅದನ್ನೇ. ಅವನು ಆ ತಡವಾದ ತಂತಿಯನ್ನು ಹಿಂದಕ್ಕೆ ಸುತ್ತಿ ಸುತ್ತಿ ಕೇಳಿದ. ಅವಲಕ್ಕಿಯ ಒಗ್ಗರಣೆ ಮೂಗಿಗೆ ಬಡಿದ ಹಾಗಾಯಿತು. ಮುಖ ಮುಚ್ಚಿಕೊಂಡು ಅತ್ತ. ಮಾರನೆಯ ದಿನ ಒಪ್ಪಿಕೊಂಡಿದ್ದ ಕಛೇರಿಗಳನ್ನೆಲ್ಲ ಬಿಟ್ಟು ಊರಿಗೆ ಹೊರಟ.

ನಿಲಯಕ್ಕೆ ಹೊಸ ಕಟ್ಟಡವಾಗಿತ್ತು. ಬಾಗಿಲ ಬಳಿ ಕುಳಿತವನನ್ನು ಅವನು ಕೇಳಿದ. "ಇಲ್ಲಿ ತಂಬೂರಿ ಮೀಟ್ತಾ ಇದ್ದರಲ್ಲ, ಅವರ ಮನೆ ಎಲ್ಲಿ?"

"ಯಾರು ಸಾರ್? ಹೆಸರು ಹೇಳಿ."

ಸಂಯೋಜಕ ಬಾಯಿ ತೆರೆದ. ಹೆಸರು ಬರಲಿಲ್ಲ. ಮರೆತಿದ್ದರೆ ನೆನಪಿಸಿಕೊಳ್ಳಬಹುದಿತ್ತು. ಅದು ಅವನಿಗೆ ಯಾವತ್ತೂ ಗೊತ್ತಿರಲಿಲ್ಲ. ಅವನು ಅವರನ್ನು ಅಮ್ಮ ಎಂದು ಕರೆಯುತ್ತಿದ್ದ. ಉಳಿದವರು ತಂಬೂರಿಯಮ್ಮ ಎನ್ನುತ್ತಿದ್ದರು. ಹಳೆಯ ದಾಖಲೆ ತೆಗೆಸಿ ನೋಡಿದ. ಹಾಡಿದವರ ಹೆಸರಿತ್ತು, ಕೊಳಲು ಊದಿದವರ ಹೆಸರಿತ್ತು. ಅದರ ಕೆಳಗೆ ತಂಬೂರಿ ಎಂದಷ್ಟೇ ಬರೆದು ಹೆಸರಿನ ಜಾಗ ಖಾಲಿ ಬಿಟ್ಟಿದ್ದರು.

ಕೊಳಲುಗಾರನ ಮನೆಗೆ ಹೋದ. ಕೊಳಲುಗಾರನಿಗೆ ಹಲ್ಲು ಹೋಗಿ ಕೊಳಲು ಮೂಲೆ ಸೇರಿತ್ತು. ಹಳೆಯ ಸಿಟ್ಟೂ ಹೋಗಿತ್ತು. ಇಬ್ಬರೂ ಬಹಳ ಹೊತ್ತು ಆ ಭಾನುವಾರಗಳ ಮಾತಾಡಿದರು. ಕೊನೆಗೆ ಸಂಯೋಜಕ ಕೇಳಬೇಕಾದ್ದನ್ನು ಕೇಳಿದ.

"ನಾನು ಅಕ್ಕ ಅಂತಿದ್ದೆನಲ್ಲೋ," ಎಂದು ಕೊಳಲುಗಾರ ತಲೆ ತಗ್ಗಿಸಿದ. "ಗರಡಿ ಸ್ಟಾಪಿನಲ್ಲಿ ಬಸ್ಸು ಇಳೀತಿದ್ರು. ಅಷ್ಟೇ ಗೊತ್ತು."

ಸಂಯೋಜಕ ಗರಡಿ ಸ್ಟಾಪಿನಲ್ಲಿ ಇಳಿದು ಅಕ್ಕಪಕ್ಕದ ಬೀದಿಗಳಲ್ಲಿ ಮನೆಮನೆ ತಟ್ಟಿದ. ತಂಬೂರಿ ಮೀಟುವವರು ಯಾರಾದರೂ ಇದ್ದರೇ ಎಂದು ಕೇಳಿದ. ಅಂಥವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ ಎಂದು ಎಲ್ಲರೂ ಹೇಳಿದರು. ಅವರು ಹೇಳಿದ್ದು ಸುಳ್ಳಲ್ಲ. ಆ ಹೆಂಗಸಿನ ಮನೆಯಲ್ಲಿ ತಂಬೂರಿ ಇರಲಿಲ್ಲ. ಅವರು ಮೀಟುತ್ತಾರೆಂದು ನೆರೆಯವರಿಗೆ ಗೊತ್ತಾಗುವುದಾದರೂ ಹೇಗೆ? ಅವನು ಆ ವರ್ಷವೆಲ್ಲ ಅಲ್ಲಿಗೆ ಹೋಗುತ್ತಿದ್ದ. ಬಸ್ಸಿನಿಂದ ಇಳಿಯುವ ಮುದುಕಿಯರ ಬಲಗೈ ಬೆರಳನ್ನು ನೋಡುತ್ತಾ ನಿಲ್ಲುತ್ತಿದ್ದ. ಅವರು ಸಿಗಲಿಲ್ಲ. ಅವನು ಮತ್ತೆ ಯಾವ ರಚನೆಯನ್ನೂ ಮಾಡಲಿಲ್ಲ.

ತಿರುಮಲಯ್ಯನವರು ಕತೆ ನಿಲ್ಲಿಸಿದರು. ಇಂದುಮತಿ ತನ್ನ ಹಾಳೆಗಳನ್ನು ನೋಡಿಕೊಂಡಳು. ಆ ಟೇಪುಗಳು ಈಗಲೂ ಎಲ್ಲಾದರೂ ಸಿಗಬಹುದು, ಹುಡುಕಿ ಕೇಳಬೇಕು ಎಂದುಕೊಂಡಳು.

"ಗುರುಗಳೇ, ಆ ಸಂಯೋಜಕರ ಹೆಸರೇನು?"

ತಿರುಮಲಯ್ಯನವರು ಅವಳ ಮುಖವನ್ನು ನೋಡಿದರು.

"ನೀನೂ ಅವನ ಹೆಸರನ್ನೇ ಕೇಳಿದೆಯಲ್ಲ, ಮಗು."